ಹಾಲಿನ ಕಡೆ ಒಂದು ಕಣ್ಣು

ಎಡಗೈಲೆ ಬರಿಯಾಕ ಬರಂಗಿಲ್ಲ, ಬಾಯೀಲೆ ಹೇಳ್ತೀನಿ, ಕೇಳ್ರಿ.
ಈ ಪ್ಲಾಸ್ಟರ್ ಬಿಚ್ಚಾಕ ಇನ್ನೂ ಇಪ್ಪತ್ತು ದಿನ ಅದ.
ಖಾನಾವಳಿ ಡಬ್ಬಿ ತಿಂದು ಹೊಟ್ಟಿ ಉಬ್ಬಿದ್ದು
ನಿಮ್ಮದು, ನನ್ನದಲ್ಲ.
ಅಂಗಿ ತೋಳು ಏರಸ್ರಿ. ಗ್ಯಾಸ್ ಹಚ್ರಿ.

ಮೊದಲು ನೀರು. ಬರೇ ಬಿಸಿ ಆದ್ರ ಸಾಲದು, ಕುದೀಬೇಕು.
ದೀಪಾವಳಿ ಮುಂದ ಬೀಸಿದ ಜ್ವಾಳದ ಹಿಟ್ಟು ಇದು,
ಜಿಗಿ ಹೋಗೇದ.
ಹಿಟ್ಟು ಹಳೇದಾದಷ್ಟೂ ನೀರು ಸಿಟ್ಟೀಲೆ ಇರಬೇಕು.
ಎಷ್ಟು ಅಂತ ಕೇಳಬ್ಯಾಡ್ರಿ.
ಎಷ್ಟು ಅನ್ನೂದು ನನ್ನ ಬಲಗೈಗೆ ಗೊತ್ತಿತ್ತು,
ಅದೀಗ ಸುಣ್ಣದಾಗ ಮಲಗೇದ.

ನಾದ್ರಿ. ಬೆರಳೀಲೆ ಅಲ್ಲ, ಅಂಗೈ ಬುಡದೀಲೆ.
ಅಕ್ಕಲಕೋಟ-ಆಳಂದ ಗಾಡ್ಯಾಗ ಮೂವತ್ತು ವರ್ಷ
ಚಿಲ್ಲರೆ ಎಣಿಸಿದ ಬೆರಳು ಅವು,
ಹಿಟ್ಟು ಎಣಿಕಿಗೆ ಸಿಗಂಗಿಲ್ಲ.

ಹಂಚಿಗೆ ನಾಲ್ಕು ಹನಿ ಚಿಮುಕಿಸ್ರಿ.
ಸುಮ್ಮನ ಕೂತು ಆರಿದ್ರ ತಡೀರಿ,
ಚರ್ ಅಂದು ಪುಟಿದ್ರ ಸೈ.

ಈಗ ಬಡೀರಿ. ತಿರಗಬೇಕಾದದ್ದು ರೊಟ್ಟಿ, ನೀವಲ್ಲ.
ಹರೀತಾ? ಹರೀಲಿ. ಯಾವಾಗಲೂ ಅಂಚೇ ಮೊದಲು ಹರಿಯೂದು.
ನಮ್ಮ ಊರೂ ಅಂಚಿನಾಗ ಅದ ಅಲ್ಲಾ,
ಒಂದು ಮನ್ಯಾಗ ಭಾಕ್ರಿ, ಬಾಜೂ ಮನ್ಯಾಗ ರೊಟ್ಟಿ.
ಬೆರಳು ಒದ್ದಿ ಮಾಡಿ ಮೆಲ್ಲಕ ಒತ್ರಿ, ಕೂಡ್ಕೋತದ.

ಹಂಚಿಗೆ ಹಾಕಿದ ಕೂಡಲೆ ಮ್ಯಾಲೆ ಒದ್ದಿ ಅರಿವಿ ಸವರ್ರಿ.
ಆ ನೀರು ಪೂರಾ ಆರೂ ಮೊದಲ ಹೊಳ್ಳಿ ಹಾಕ್ರಿ,
ತಡಾ ಆದ್ರ ಉನ್ಹಾಳಿ ಹೊಲದಂಗ ಬಿರೀತದ.

ಆ ಕಡೆ ಒಲಿಗೆ ಹಾಲು ಇಡ್ರಿ.
ಪಾತೇಲಿ ಮೊದಲು ನೀರೀಲೆ ತೊಳದು, ಒರಸದ ಹಂಗ ಸುರೀರಿ,
ತಳ ಹಿಡಿಯಂಗಿಲ್ಲ.
ಕಟಗಿ ಸೌಟು ಅಡ್ಡ ಇಟ್ರ ಉಕ್ಕಂಗಿಲ್ಲ ಅಂತಾಳ ಶೇವಂತಾಬಾಯಿ.
ಸೌಟು ಇಡ್ರಿ, ನಂಬಬ್ಯಾಡ್ರಿ.
ಹಾಲಿನ ಕಡೆ ಒಂದು ಕಣ್ಣು ಇರ್ಲಿ.

ಬ್ಯಾಳಿಗೆ ಈಗ ಹುಣಸಿಹಣ್ಣು ಬ್ಯಾಡ.
ಬೇಯೂ ಮೊದಲ ಹುಳಿ ಬಿತ್ತಂದ್ರ ಹಟ ಹಿಡೀತದ,
ನಿಮ್ಮವ್ವನ ಗತೆ.
ಇಲ್ಲ, ನಾ ಏನೂ ಅನ್ನಲಿಲ್ಲ.

ಉಪ್ಪು ಹೆಚ್ಚಾದ್ರ ಆಲೂಗಡ್ಡಿ ಹಾಕು ಅಂತಾರ ಮಂದಿ.
ಆಲೂಗಡ್ಡಿನೂ ಉಪ್ಪಾಗತದ, ಸಾರೂ ಉಪ್ಪೇ ಇರತದ.
ನೀರು ಹೆಚ್ಚು ಮಾಡ್ರಿ, ಬ್ಯಾಳಿ ಹೆಚ್ಚು ಮಾಡ್ರಿ,
ಯಾರನ್ನರೆ ಊಟಕ್ಕ ಕರೀರಿ.

ಶೇಂಗಾ ಸಣ್ಣ ಉರೀಲೆ ಹುರೀರಿ.
ಇನ್ನೊಂದೀಟು ಬೇಕು ಅನ್ನಿಸೂವಾಗನ ಇಳಸ್ರಿ,
ಇಳಿಸಿದ ಮ್ಯಾಲೂ ಬಾಣಲಿ ತನ್ನ ಸಿಟ್ಟು ಲಗೂ ಬಿಡಂಗಿಲ್ಲ.

ಹಸಿಮೆಣಸಿನಕಾಯಿ ಹೆಚ್ಚೂ ಮೊದಲ ಬೆರಳಿಗೆ ಎಣ್ಣಿ ಹಚ್ಕೋರಿ.
ಇದನ್ನ ನನಗ ಯಾರೂ ಹೇಳಿರಲಿಲ್ಲ.
ಮದುವ್ಯಾಗಿ ಬಂದ ಎರಡನೇ ದಿನ
ಖಾರದ ಕೈಲೆ ಕಣ್ಣು ಒರಸಿಕೊಂಡೆ.
ತವರುಮನಿ ನೆನಸಿ ಅಳಾಕತ್ತಾಳ ಅಂದ್ರು.
ಸುಮ್ಮನಿದ್ದೆ.
ಎರಡೂ ಖರೇನ ಇತ್ತು.

ಏನಂದ್ರಿ? ಮೊದಲ ರೊಟ್ಟಿ ನನಗಾ?
ನಡುವ ದಪ್ಪ, ಒಂದು ಮೂಲಿ ಹಸಿ,
ನಿಮ್ಮ ಹೆಬ್ಬೆರಳ ಗುರುತು ಹಂಗ ಉಳದದ,
ಟಿಕೀಟಿಗೆ ತೂತು ಹಾಕಿದಂಗ.
ಅಬ್ಬಾ, ಕೈ ಸುಡತದ.

ಬಡಿಯೋರಿಗೆ ಬಿಸೀದು ಇಲ್ಲ, ಅದೊಂದು ಪಾಠ ಹೇಳೂದು ಬಿಟ್ಟಿದ್ದೆ.
ಮಾವನೋರು, ಅತ್ತಿ, ಮೈದುನರು, ನೀವು, ಹುಡುಗ್ರು,
ಎಲ್ಲಾರಿಗೂ ನೀಡಿ ಮುಗಿಸೂದ್ರಾಗ
ಬುಟ್ಟ್ಯಾಗ ಉಳದದ್ದು ಆರಿರತಿತ್ತು.
ಮೂವತ್ತೆರಡು ವರ್ಷ
ರೊಟ್ಟಿ ರುಚಿ ಅಂದ್ರ ಅದ ಅಂತ ತಿಳಕೊಂಡಿದ್ದೆ.

ಸೌಟು ಹಿಡಕೊಂಡು ಹಂಗ್ಯಾಕ ನನ್ನ ಮಾರಿ ನೋಡ್ತೀರಿ?
ಛಲೋ ಆಗೇದ. ಹಸಿ ಅದ, ಆದ್ರೂ ಛಲೋ ಆಗೇದ.
ಇನ್ನೊಂದು ಬಡೀರಿ, ಈ ಸಲ ತೆಳ್ಳಗ,
ಅಯ್ಯ
ಹಾಲು, ಹಾಲು ನೋಡ್ರಿ!